ಕಿವಿಗೊಟ್ಟು ಅರಸುವವರು

ನಮ್ಮ ಹೆಮ್ಮರಗಾಲದ ಹಿರಿಯರು ಮಡಕೆ ಕೊಳ್ಳುವಾಗ ಕಣ್ಣನ್ನಷ್ಟೇ ನಂಬುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನಾದವನ್ನು ಆಲಿಸುತ್ತಿದ್ದರು. ಕಣ್ಣಿಗೆ ಕಾಣದ ಬಿರುಕನ್ನು ದನಿ ತಿಳಿಸುತ್ತಿತ್ತು. ಇಂಥದೇ ಜಾಣ್ಮೆ ಇಂದು ಭೌತವಿಜ್ಞಾನಿಗಳಿಗೂ ನೆರವಾಗಿದೆ.

ವಿಶ್ವದಲ್ಲಿ ನಾವು ಬಲ್ಲ ದ್ರವ್ಯದ ಸುಮಾರು 5 ಪಟ್ಟು ಅಗೋಚರವಾದ ಕಪ್ಪುದ್ರವ್ಯವಿದೆಯೆಂದು ವಿಜ್ಞಾನಿಗಳು ಗಣಿಸಿದ್ದಾರೆ. ಅದರ ಕಣವನ್ನು ಹಿಡಿಯುವ ಒಂದು ಉಪಾಯವುಂಟು. ಕುದಿಬಿಂದುವನ್ನು ಮೀರಿ ಬಿಸಿಯಾದರೂ ಕುದಿಯದಿರುವಂತೆ ಒಂದು ದ್ರವವನ್ನು ಕಾಪಾಡುತ್ತಾರೆ. ಕಣವೊಂದು ಅದರ ಪರಮಾಣುವಿನ ಬೀಜಕೇಂದ್ರಕ್ಕೆ ಬಡಿದರೆ ಗುಳ್ಳೆಯೇಳಬೇಕು.

ಆದರೆ ಬಾನಿನಿಂದ ಸುರಿಯುವ ವಿಶ್ವಕಿರಣಗಳ ಗದ್ದಲ ತಪ್ಪಿಸಲು ನೆಲದಾಳಕ್ಕೆ ಇಳಿಯಬೇಕು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಗುರುತಿಸಿದ್ದು ಹೀಗೆಯೇ. ಆ ಗಣಿ 2001ರಲ್ಲಿ ಮುಚ್ಚಿತು. ಕಪ್ಪುದ್ರವ್ಯದ ಗುಳ್ಳೆಗಾಗಿ ಕೆನಡಾದ ಸಡ್ಬರಿಯಲ್ಲಿ 2 ಕಿಲೋಮೀಟರು ಆಳದ ಗಣಿಯೊಳಗೆ ಕಾದಿದ್ದಾರೆ.

ಅಷ್ಟು ಆಳದಲ್ಲಿಯೂ ಒಂದು ತೊಡಕು. ಉಪಕರಣದಲ್ಲಿ ಲೇಶಮಾತ್ರ ಉಳಿದ ವಿಕಿರಣವಸ್ತುಗಳು ಹೊಮ್ಮಿಸುವ ಆಲ್ಫಾ ಕಣಗಳೂ ಗುಳ್ಳೆಯೆಬ್ಬಿಸುತ್ತವೆ. ಕ್ಯಾಮರಾಕ್ಕೆ ಎರಡೂ ಒಂದೇ. 2008ರಲ್ಲಿ 'ಪಿಕಾಸೊ' ಎಂಬ ತಂಡದವರು ಆಲ್ಫಾ ಕಣದ ಗುಳ್ಳೆ ಹೆಚ್ಚು ಸದ್ದು ಮಾಡುವುದನ್ನು ಕಂಡುಕೊಂಡರು. ಅಂದಿನಿಂದ ಪಾತ್ರೆಗೆ ಅಂಟಿಸಿದ ಧ್ವನಿಗ್ರಾಹಕಗಳು ಕಳ್ಳ ಗುಳ್ಳೆಯನ್ನು ಸದ್ದಿನಿಂದಲೇ ಪತ್ತೆಹಚ್ಚುತ್ತಿವೆ.

ಕಪ್ಪುದ್ರವ್ಯದ ಕಣ ಇನ್ನೂ ಕೈಗೆ ಸಿಕ್ಕಿಲ್ಲ. ಎದ್ದ ಗುಳ್ಳೆಯನ್ನೇ ಗೆಲುವೆಂದು ಸಾರಿದ್ದರೆ ಕೀರ್ತಿ ಬೇಗ ಬರುತ್ತಿತ್ತು. "ನಾವು ಅರಸಿದ್ದು ಇದಲ್ಲ" ಎಂದು ಅದನ್ನು ಬದಿಗಿಟ್ಟು ಮತ್ತೆ ಕಾಯುವ ಅವರ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ವಿದ್ಯೆಯ ಮೊದಲ ಮೆಟ್ಟಿಲು ಅದೇ ಅಲ್ಲವೇ?