ಮೂರನೆಯ ಕೈ

ದೇವರು ಮನುಷ್ಯನಿಗೆ ಎರಡೇ ಕೈ ಕೊಟ್ಟದ್ದೇಕೆ ಎಂಬ ಪ್ರಶ್ನೆ ನೆಲದ ಮೇಲೆ ಓಡಾಡುವವರಿಗೆ ಹುಟ್ಟುವುದಿಲ್ಲ. ದೋಣಿಯಲ್ಲಿ ಕುಳಿತು ಗಾಳ ಹಾಕುವವನಿಗೆ ದಿನಕ್ಕೆ ಹತ್ತು ಸಲ ಹುಟ್ಟುತ್ತದೆ. ಹುಟ್ಟಿಗೆ ಒಂದು ಕೈ ಬೇಕು, ಕೋಲಿಗೆ ಒಂದು ಕೈ ಬೇಕು. ಸಿಗಡಿಯನ್ನು ಗಾಳಕ್ಕೆ ಸಿಕ್ಕಿಸಲು, ದೋಣಿಯ ನೀರು ಮೊಗೆಯಲು, ವೀಳ್ಯದೆಲೆಗೆ ಸುಣ್ಣ ಸವರಲು ಇನ್ನೊಂದು ಬೇಕು. ಈ ಇನ್ನೊಂದು ಕೈಯನ್ನು ಈಗ ಅಂಗಡಿಯಲ್ಲಿ ಮಾರುತ್ತಾರೆ. ಹೆಸರು ರಾಡ್ ಹೋಲ್ಡರ್. ನೋಡಲು ಗೇಣುದ್ದದ ಕೊಳವೆ, ಅಷ್ಟೆ. ಕೋಲಿನ ಬುಡವನ್ನು ಅದರೊಳಗೆ ಇಳಿಬಿಟ್ಟರೆ ಅದು ನಮ್ಮ ಪರವಾಗಿ ಹಿಡಿದುಕೊಂಡಿರುತ್ತದೆ. ಬೇಸರವಿಲ್ಲ, ಕೈನೋವಿಲ್ಲ, ನಡುವೆ ಆಕಳಿಕೆಯೂ ಇಲ್ಲ.

ಕೊಳವೆಯನ್ನು ಕೊಳ್ಳುವುದು ಸುಲಭ. ದೋಣಿಗೆ ಕೂರಿಸುವುದೇ ಕಷ್ಟ. ಗೇಣುದ್ದದ ವಸ್ತುವಿಗೆ ಇಷ್ಟು ಮೀಮಾಂಸೆಯೇ ಎಂದು ನಗಬೇಡಿ. 2 ಮೀಟರ್ ಕೋಲಿನ ತುದಿಯನ್ನು ಮೀನೊಂದು 5 ಕಿಲೋ ಬಲದಿಂದ ಅಡ್ಡಕ್ಕೆ ಎಳೆಯಿತೆನ್ನಿ. ಕೋಲು ಬಾಗದೆ ನಿಂತರೆ, 20 ಸೆಂಟಿಮೀಟರ್ ಕೊಳವೆಯ ಬಾಯಿ ಮತ್ತು ತಳ ಸುಮಾರು 50 ಕಿಲೋ ಒತ್ತಡವನ್ನು ತಡೆಯಬೇಕು. ಕೋಲು ಬಾಗುತ್ತದೆ, ರೀಲು ದಾರ ಬಿಟ್ಟುಕೊಡುತ್ತದೆ, ಹೊರೆ ಇಳಿಯುತ್ತದೆ, ನಿಜ. ಆದರೆ ಎರಡು ಪುಟ್ಟ ಸ್ಕ್ರೂಗಳನ್ನು ನಂಬಿ ಕುಳಿತವನ ಕೋಲೂ ಕೊಳವೆಯೂ ಒಟ್ಟಿಗೇ ಮೀನಿನ ಹಿಂದೆ ಹೊರಟುಹೋಗುವುದುಂಟು.

ಕೂರಿಸುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು, ದೋಣಿಯ ಅಂಚನ್ನು ಕೊರೆದು ಕೊಳವೆಯನ್ನು ಅದರೊಳಗೆ ಓರೆಯಾಗಿ ಹೂತುಬಿಡುವುದು. ಬಲದಲ್ಲಿ ಇದಕ್ಕೆ ಸಮನಿಲ್ಲ. ಆದರೆ ಒಮ್ಮೆ ಕೊರೆದ ಓರೆ ಕೊನೆಯವರೆಗೂ ಅದೇ ಓರೆ. ಸಂದನ್ನು ಸರಿಯಾಗಿ ಮುಚ್ಚದಿದ್ದರೆ ನೀರು ಇಳಿದು, ಒಳಗಿನ ಪ್ಲೈವುಡ್ ಸದ್ದಿಲ್ಲದೆ ಕೊಳೆಯುತ್ತದೆ. ಎರಡನೆಯದು, ಕಂಬಿಗೆ ಹಿಡಿಕೆ ಹಾಕಿ ಬಿಗಿಯುವುದು. ತೂತಿನ ಭಯವಿಲ್ಲ, ಬೇಡವಾದಾಗ ಬಿಚ್ಚಬಹುದು. ಆದರೆ ಎಳೆತ ಜೋರಾದರೆ ಹಿಡಿಕೆ ಕಂಬಿಯ ಸುತ್ತ ಜಾರುತ್ತದೆ. ಕಂಬಿಯೇ ಇಲ್ಲದ ದೋಣಿಗೆ ಆ ಮಾತೂ ಇಲ್ಲ. ಮೂರನೆಯದು, ಅಂಚಿನುದ್ದಕ್ಕೂ ಅಲ್ಯುಮಿನಿಯಂ ಹಳಿ ಹಾಕಿ, ಕೊಳವೆಯನ್ನು ಬೇಕಾದಲ್ಲಿಗೆ ಸರಿಸಿಕೊಳ್ಳುವುದು. ಬಲು ಅನುಕೂಲ. ಆದರೆ ಉಪ್ಪುನೀರಿನಲ್ಲಿ ಅಲ್ಯುಮಿನಿಯಮ್ಮಿಗೆ ಉಕ್ಕಿನ ಬೋಲ್ಟು ತಗುಲಿಕೊಂಡಿದ್ದರೆ, ಉಕ್ಕು ಉಳಿದು ಅಲ್ಯುಮಿನಿಯಂ ಸವೆಯುತ್ತದೆ. ಇಬ್ಬರು ಒಳ್ಳೆಯವರನ್ನು ಒಂದೇ ಮನೆಯಲ್ಲಿ ಇಟ್ಟರೆ ಕೆಲವೊಮ್ಮೆ ಹೀಗೇ ಆಗುವುದು.

ನಮ್ಮ ಮನೆಯಲ್ಲಿ ಈ ಚರ್ಚೆ ವಿನೋದಕ್ಕಾಗಿ ಹುಟ್ಟಿದ್ದಲ್ಲ. ಕುಂದಾಪುರದ ಬಳಿ, ಪಂಚಗಂಗಾವಳಿಯ ಅಳಿವೆಯಲ್ಲಿ ಚಿಕ್ಕಂದಿನಿಂದ ಗಾಳ ಹಾಕಿದವನು ನನ್ನ ಅಣ್ಣ. ಪಾರ್ಶ್ವವಾಯು ಬಡಿದು ಅವನ ಬಲಗೈ ಬಿದ್ದುಹೋಯಿತು. ಕಾಲು ಬಂತು, ಮಾತು ಬಂತು, ಕೈ ಬರಲಿಲ್ಲ. ಜಗಲಿಯಲ್ಲಿ ಕುಳಿತು ಆ ಕೈಯನ್ನು, ಯಾರೋ ಸಾಲ ತೀರಿಸದ ನೆಂಟನನ್ನು ಬಯ್ಯುವಂತೆ, ಎಂಟು ತಿಂಗಳು ಬಯ್ದ. “ದೋಣಿ ಮಾರಿಬಿಡಿ” ಎಂದು ಒಂದು ದಿನ ಅಂದಾಗ ಅತ್ತಿಗೆ ಒಳಗೆ ಹೋಗಿ ಅತ್ತರು. ನಾನು ಕೊಳವೆಯ ವಿಚಾರ ಓದಲು ಕುಳಿತದ್ದು ಆ ರಾತ್ರಿ.

ಒಂದೇ ಕೈಯವನಿಗೆ ಬರಿಯ ಬಲ ಸಾಲದು. ಕುಳಿತಲ್ಲಿಂದ ಎಡಗೈಗೆ ರೀಲು ಎಟುಕಬೇಕು. ಅದನ್ನು ಸುತ್ತುವಾಗ ಕೋಲು ತಿರುಗಕೂಡದು. ಅದಕ್ಕೆ ಬಾಯಲ್ಲಿ ಸೀಳಿರುವ ಕೊಳವೆ ಬೇಕು. ರೀಲಿನ ಕಾಲು ಆ ಸೀಳಿನಲ್ಲಿ ಕೂತರೆ ಕೋಲು ಅಲ್ಲಾಡದು. ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಎಡಕ್ಕೆ ಬದಲಿಸಿದ್ದಾಯಿತು. ಗಾಳವೂ ಬದಲಾಯಿತು: ತುದಿ ಒಳಕ್ಕೆ ಬಾಗಿದ ದುಂಡು ಗಾಳ. ಮಾಮೂಲಿ ಗಾಳಕ್ಕೆ ಹಿಡಿದವನು ಕೋಲನ್ನು ಫಕ್ಕನೆ ಎತ್ತಬೇಕು. ಇದು ದಾರ ಬಿಗಿಯಾದಂತೆ ಮೀನಿನ ಬಾಯಿಯ ಮೂಲೆಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ.

ಉಳಿದದ್ದು ತೂತಿನ ಪ್ರಶ್ನೆ. ನಮ್ಮ ಫೈಬರ್ ದೋಣಿಗೆ ಕಂಬಿಯಿಲ್ಲ. ಅಂಚಿನಲ್ಲಿ ಕೊಳವೆ ಇಳಿಯುವಷ್ಟು ಜಾಗವಿಲ್ಲ. ನಾನು ಮೂರೂ ದಾರಿಗಳನ್ನು ಆಚಾರ್ರ ಮುಂದೆ ವಿವರಿಸಿದೆ. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿ, “ದೋಣಿಯ ಮೈಗೆ ತೂತು ಯಾಕೆ ಮಾರಾಯ್ರೆ? ಕೂರುವ ಹಲಗೆ ಇದೆಯಲ್ಲ!” ಎಂದರು. ಅಣ್ಣ ಕೂರುವ ಜಾಗಕ್ಕೆ ಎದುರಿನ ಅಡ್ಡಹಲಗೆಯ ಎಡತುದಿಯಲ್ಲಿ ನಾಲ್ಕು ಬೋಲ್ಟು. ಎಳೆತ ಹಂಚಿಹೋಗಲೆಂದು ಹಲಗೆಯ ಅಡಿಯಲ್ಲೊಂದು ಉಕ್ಕಿನ ತಗಡು. ಎಲ್ಲವೂ 316 ಜಾತಿಯ ಸ್ಟೇನ್‌ಲೆಸ್ ಸ್ಟೀಲು. ಅದರಲ್ಲಿರುವ ಮಾಲಿಬ್ಡಿನಂ ಉಪ್ಪುನೀರನ್ನು ಚೆನ್ನಾಗಿ ತಡೆಯುತ್ತದೆ. ಮೇಲೆ ಓರೆ ಬದಲಿಸಬಹುದಾದ ಕೊಳವೆ. ಕೋಲು ಹಾರಿಹೋಗದಿರಲೆಂದು ಒಂದು ಗೇಣು ಹಗ್ಗ.

ಅಣ್ಣ ಮೊದಲು ಒಪ್ಪಲಿಲ್ಲ. “ಕೊಳವೆ ಹಿಡಿದ ಮೀನು ಕೊಳವೆಯದ್ದು, ನನ್ನದು ಹೇಗಾದೀತು?” ಎಂದ. ಆಚಾರ್ರು, “ಬಲೆ ಹಿಡಿದ ಮೀನನ್ನು ಬಲೆ ತಿನ್ನುತ್ತದೆಯೋ?” ಎಂದರು. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಮರುದಿನ ಸಂಜೆ ಹುಟ್ಟು ಹಾಕಲು ಮಗನನ್ನು ಕರೆದುಕೊಂಡು ಹೋದ. ಕತ್ತಲಾದ ಮೇಲೆ ಬಂದ. ಬುಟ್ಟಿ ಬರಿದು. ಒಂದು ದೊಡ್ಡ ಮೀನು ದೋಣಿಯವರೆಗೂ ಬಂದು ತಪ್ಪಿಸಿಕೊಂಡಿತಂತೆ. ಊಟಕ್ಕೆ ಕುಳಿತವನು ಆ ಮೀನನ್ನು, ಅದರ ವಂಶವನ್ನು, ಉಬ್ಬರದ ನೀರನ್ನು, ಸರಿಯಾಗಿ ಹುಟ್ಟು ಹಾಕದ ಮಗನನ್ನು ಒಂದೊಂದಾಗಿ ಬಯ್ಯುತ್ತ ಹೋದ. ಅತ್ತಿಗೆ ಸಾರು ಬಡಿಸುತ್ತ ನಿಂತು ಕೇಳುತ್ತಿದ್ದರು. ಅಂದು ಅವನು ಕೈಯನ್ನು ಬಯ್ಯಲಿಲ್ಲ.