ಬ್ಲಾಗು ಬರೆಯಹೊರಟವರ ಜೊತೆ ಒಂದಿಷ್ಟು ಹೊತ್ತು

ಬ್ಲಾಗು ಶುರು ಮಾಡಬೇಕು ಅನ್ನುವವರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಯಾವುದು, ಹೇಳಿ ನೋಡೋಣ. ಏನು ಬರೆಯಲಿ ಅಂತಲೇ? ಅಲ್ಲ. ಹೆಸರು ಏನಿಡಲಿ ಅಂತ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಹಿರಿಯರು ಆಡಿಕೊಳ್ಳುತ್ತಿದ್ದರಲ್ಲ, ನನಗೆ ಮಾತ್ರ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕುಲಾವಿ ಹೊಲಿಯುವುದೂ ಒಂದು ಸಂಭ್ರಮವೇ. ಸಾಗರದ ಕಡೆಯ ಹಳ್ಳಿಯಲ್ಲಿರುವ ನನ್ನ ತಂಗಿಯ ಮಗಳು ಹೀಗೇ ಒಂದು ಹಾಳೆ ತುಂಬ ಹೆಸರು ಬರೆದು ತಂದು, "ಮಾವ, ಇದ್ರಲ್ಲಿ ಯಾವ್ದು ಚೊಲೋ ಇದ್ದು ಹೇಳು" ಅಂದಳು. ಎಲ್ಲವೂ ಚೆನ್ನಾಗಿದ್ದವು. ಹಾಳೆಯನ್ನು ಪಕ್ಕಕ್ಕಿಟ್ಟು, ಊಟ ನಿದ್ದೆ ಮರೆತು ಮಾತಾಡಬಲ್ಲೆ ಅನ್ನುವ ಸಂಗತಿ ನಿನಗೆ ಯಾವುದು ಎಂದು ಕೇಳಿದೆ. ಒಂದು ಕ್ಷಣವೂ ಯೋಚಿಸದೆ "ಅಪ್ಪೆಮಿಡಿ" ಅಂದಳು.

ಅಲ್ಲಿಗೆ ಬ್ಲಾಗಿನ ಮಾತು ಹಿಂದೆ ಬಿತ್ತು. ಬೀಳದೆ ಇರುತ್ತದೆಯೇ? ಮಲೆನಾಡಿನ ಹೊಳೆದಂಡೆಯ ಅಪ್ಪೆ ಮಾವಿನಮರಗಳಿಗೆ ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಪರಿಮಳ. ಅನಂತಭಟ್ಟನ ಅಪ್ಪೆಯಂತೆ, ಜೀರಿಗೆ ಮಿಡಿಯಂತೆ, ಕರ್ಪೂರದ ವಾಸನೆಯದಂತೆ. ಒಳಗಿನ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು, ತೊಟ್ಟು ಮುರಿಯಬಾರದು, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಆಗದು. ಅದಕ್ಕೇ ಮರ ಹತ್ತಿದವನು ಬುಟ್ಟಿಯನ್ನು ಹಗ್ಗ ಕಟ್ಟಿ ನಿಧಾನ ಇಳಿಸುತ್ತಾನೆ. ಆಮೇಲೆ ಉಪ್ಪಿನಲ್ಲಿ ಹಾಕಿ ಮಿಡಿ ಸುಕ್ಕುಗಟ್ಟುವವರೆಗೆ ಕಾಯುವುದು, ಸೊನೆ ಬೆರೆತ ಆ ಉಪ್ಪುನೀರನ್ನು ಕಾಪಾಡಿಕೊಳ್ಳುವುದು... ಅವಳು ಹೇಳುತ್ತಲೇ ಹೋದಳು. ಅವಳ ಅಜ್ಜಿಗೆ ಗೊತ್ತಿದ್ದ ಎಷ್ಟೋ ಮರಗಳು ಈಗ ಇಲ್ಲ. ಕೆಲವನ್ನು ಕಡಿದರು, ಕೆಲವು ಹೊಳೆಯ ಪಾಲಾದವು, ಕೆಲವನ್ನು ಮಾತ್ರ ಆಸಕ್ತ ರೈತರು ಕಸಿ ಕಟ್ಟಿ ಉಳಿಸಿಕೊಂಡಿದ್ದಾರೆ. ಇಷ್ಟನ್ನು ಬರೆದಿಡುವವರು ಯಾರು? ಇವಳೇ. ಹೊಸದಾಗಿ ಬರೆಯುವವರಿಗೆ ನಾನು ಹೇಳುವುದು ಬಹುಮಟ್ಟಿಗೆ ಇಷ್ಟೇ: ಜಗತ್ತಿನ ಎಲ್ಲ ಅಡುಗೆಯನ್ನೂ ಬರೆಯಲು ಹೋಗಬೇಡಿ, ನಿಮ್ಮ ಹಿತ್ತಿಲ ಹೊಳೆಯ ಆ ಒಂದು ಮರದ ವಿಷಯ ಬರೆಯಿರಿ.

ನನಗೆ ಇದೆಲ್ಲ ಬರುವುದಿಲ್ಲ, ಯಾರಾದರೂ ಕಲಿಸಬೇಕು ಎಂದು ಅಳುಕುವವರಿಗೆ ಮಂಗಳೂರಿನ ಕಥೆ ಹೇಳಬೇಕೆನಿಸುತ್ತದೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅವನ ಮುಂದೆ ಮಾದರಿಯೆಂದು ಇನ್ನೊಂದು ಕನ್ನಡ ಪತ್ರಿಕೆ ಇರಲಿಲ್ಲ. ಜರ್ಮನಿಯಿಂದ ಬಂದು ಕನ್ನಡ ಕಲಿತವನು. ಕಲ್ಲಚ್ಚಿನಲ್ಲಿ ಒತ್ತಿ, ಹದಿನೈದು ದಿನಕ್ಕೊಂದು ಸಂಚಿಕೆ. ಊರಿನ ಸುದ್ದಿ, ಸರಕಾರದ ಆಜ್ಞೆ, ಕಥೆ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಮುಂದೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು. ನೋಡಿ, ಮೊದಲು ಇಟ್ಟ ಹೆಸರೇ ಕೊನೆಯವರೆಗೆ ಇರಬೇಕೆಂಬ ನಿಯಮ ಆಗಲೂ ಇರಲಿಲ್ಲ!

ಕಲ್ಲು ಬಿಡಿ, ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೂ ಸುಲಭವಾಗಿ ಬಂದದ್ದಲ್ಲ. ಬ್ಲಾಗು ಬರೆಯಲು ಬಳಸುವ ಬ್ಲಾಗರ್ ಶುರುವಾದದ್ದು 1999ರಲ್ಲಿ, ವರ್ಡ್‌ಪ್ರೆಸ್ 2003ರಲ್ಲಿ. ಆ ಕಾಲದಲ್ಲಿ ನಮ್ಮವರು ಬರೆದ ಕನ್ನಡ ಇನ್ನೊಬ್ಬರ ಪರದೆಯ ಮೇಲೆ ವಿಚಿತ್ರ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ, ಅದೇ ಫಾಂಟು ಅವರಲ್ಲೂ ಇದ್ದರೆ ಮಾತ್ರ ಓದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ, ಆಮೇಲೆ 'ನುಡಿ', ಎಲ್ಲಕ್ಕೂ ಮಿಗಿಲಾಗಿ ಯುನಿಕೋಡ್ ಬಂದದ್ದರಿಂದಲೇ ಇವತ್ತು ಸಾಗರದ ಹುಡುಗಿ ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ಒತ್ತಕ್ಷರ ಸಮೇತ ಬರೆಯುತ್ತಾಳೆ. ಈ ಪುಣ್ಯಾತ್ಮರನ್ನು ನೆನೆಯದೆ ಬ್ಲಾಗಿನ ಮಾತು ಮುಂದುವರಿಸಲು ನನಗೆ ಮನಸ್ಸು ಬರುವುದಿಲ್ಲ.

ಎಲ್ಲಿದ್ದೆವು? ಹ್ಞಾಂ, ಒಂದು ಸಣ್ಣ ಕಿವಿಮಾತು. ಬ್ಲಾಗರ್‌ನಲ್ಲಿ ಕನ್ನಡದ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸದಲ್ಲಿ ಆ ಶೀರ್ಷಿಕೆ ಬರುವುದೇ ಇಲ್ಲ, 'ಬ್ಲಾಗ್ ಪೋಸ್ಟ್' ಎಂದಿಷ್ಟೇ ಬಂದು ಕೂರುತ್ತದೆ. ಪ್ರಕಟಿಸುವ ಮುಂಚೆ ಪರ್ಮಾಲಿಂಕ್ ಎಂಬಲ್ಲಿಗೆ ಹೋಗಿ ಅಪ್ಪೆಮಿಡಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ ಕೂತು ಉಪ್ಪಿನಕಾಯಿ ಹುಡುಕುವ ಸೊಸೆ ಹಾಗೇ ಟೈಪು ಮಾಡುತ್ತಾಳೆ. ಶೀರ್ಷಿಕೆಯೂ ಅಷ್ಟೆ. 'ಹಸಿರು ನೆನಪುಗಳು' ಚಂದವೇ, ಆದರೆ ಮಿಡಿ ಮೆತ್ತಗಾಗುತ್ತಿದೆ ಎಂದು ಗಾಬರಿಯಾದವರು ಅದನ್ನು ಹುಡುಕುವುದಿಲ್ಲ. 'ಅಪ್ಪೆಮಿಡಿಗೆ ಉಪ್ಪು ಹಾಕುವುದು ಹೇಗೆ' ಎಂದಿದ್ದರೆ ಅವರು ಬಂದೇ ಬರುತ್ತಾರೆ. ಇನ್ನು ಬರೆದದ್ದರ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ. ಜನ ಬರೆದು ಹಾಕುತ್ತಿದ್ದ ಜಾಲತಾಣಗಳಲ್ಲಿ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ದೊಡ್ಡವರ ಮನೆಯಲ್ಲಿ ಬಾಡಿಗೆಗಿದ್ದೇವೆ ಎಂಬ ಎಚ್ಚರ ಒಳ್ಳೆಯದು.

ಬೆಳೆಸುವುದು ಹೇಗೆ ಅನ್ನುತ್ತೀರಾ? ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುಗರು ತಾವಾಗಿ ಬರಲಿ ಎಂದು ಮನೆಯಲ್ಲಿ ಕೂರಲಿಲ್ಲ, ಓದುವ ಅಭ್ಯಾಸವಿಲ್ಲದವರ ಬಾಗಿಲಿಗೂ ಹೋದರು. ಇವತ್ತು ಆ ಗಂಟು ಹಗುರ. ಮನೆಮಂದಿಯ ವಾಟ್ಸಾಪ್ ಗುಂಪಿಗೆ ಕೊಂಡಿ ಕಳಿಸಬಹುದು, ಅದೇ ವಿಷಯ ಬರೆಯುವ ಇನ್ನೊಬ್ಬರ ಬ್ಲಾಗು ಓದಿ ಅಲ್ಲಿ ನಾಲ್ಕು ಮಾತು ಬರೆಯಬಹುದು, ಕೇಳಿದವರಿಗೆ ಅಂದೇ ಉತ್ತರಿಸಬಹುದು. ಆದರೆ ಗಂಟು ಹೊರುವ ಮನಸ್ಸು ಮಾತ್ರ ಗಳಗನಾಥರದೇ ಬೇಕು. ದಿನಕ್ಕೆಷ್ಟು ಜನ ನೋಡಿದರು ಎಂಬ ಲೆಕ್ಕದ ಪುಟವನ್ನು ಗಳಿಗೆಗೊಮ್ಮೆ ತೆರೆಯುವ ಹೊತ್ತಿನಲ್ಲಿ ಮುಂದಿನ ಬರಹದ ಎರಡು ಪ್ಯಾರಾ ಆಗುತ್ತದೆ. ವಾರಕ್ಕೊಂದು ಅಂತಾದರೆ ವಾರಕ್ಕೊಂದು, ತಿಂಗಳಿಗೊಂದು ಅಂತಾದರೆ ತಿಂಗಳಿಗೊಂದು. ಹೇಳಿದ ದಿನ ಬರಹ ಬಂದರೆ ಓದುಗರೂ ಆ ದಿನ ಬರುತ್ತಾರೆ.

ಹೊಸ ಬ್ಲಾಗುಗಳಲ್ಲಿ ಹೆಚ್ಚಿನವು ನಿಂತುಹೋಗುವುದು ಬರೆಯುವವರಿಗೆ ವಿಷಯ ಮುಗಿದು ಅಲ್ಲ, ಓದಿದವರು ಏನನ್ನೂ ಹೇಳದೆ ಹೋದದ್ದಕ್ಕೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಇಷ್ಟು ಹೊತ್ತು ಜೊತೆಗೆ ಕೂತ ನಿಮ್ಮಲ್ಲಿ ಒಂದು ಕೇಳಿಕೆ. ಇನ್ನು ಮುಂದೆ ಯಾರದಾದರೂ ಹೊಸ ಬರಹ ಕಣ್ಣಿಗೆ ಬಿದ್ದು ಇಷ್ಟವಾದರೆ, ಯಾವ ಸಾಲು ಇಷ್ಟವಾಯಿತು ಎಂದು ಅದರ ಕೆಳಗೆ ಬರೆದು, ನಿಮ್ಮ ಹೆಸರು ಹಾಕಿ ಬನ್ನಿ.