ಕಿಟಕಿ ಪಕ್ಕದ ಹುಡುಗನ ಮೂಗು

ಹೈ-ಫೈವ್ ಕೊಡುವುದನ್ನು ನಾನು ನಿಲ್ಲಿಸಿದ್ದು ಕೊರಿಯಾದ ಶಾಲೆಗೆ ಸೇರಿದ ಎರಡನೇ ವಾರದಲ್ಲೇ. ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು, ಹೊರಗೆ ಹೋಗುವ ಪ್ರತಿ ಮಗುವಿನ ಅಂಗೈಗೆ ಅಂಗೈ ತಟ್ಟಿ 'ಸೀ ಯೂ' ಎನ್ನಿ, ಮಕ್ಕಳಿಗೆ ವಿದೇಶಿ ಟೀಚರ್ ಮೇಲಿನ ಭಯ ಹೋಗುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಇಪ್ಪತ್ತನಾಲ್ಕು ಮಕ್ಕಳ ಸಾಲು. ಹದಿನೈದನೆಯ ಅಂಗೈ ಒದ್ದೆ. ಹದಿನಾರನೆಯದು ಅಂಟಂಟು. ಹದಿನೇಳನೆಯವನು ನನ್ನ ಕಣ್ಣೆದುರೇ ಮೂಗಿನೊಳಗಿಂದ ಬೆರಳು ಹೊರತೆಗೆದು, ಅದೇ ಕೈಯನ್ನು ಸಂಭ್ರಮದಿಂದ ಮೇಲಕ್ಕೆತ್ತಿದ. ನಾನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿಬಿಟ್ಟೆ. ಮಕ್ಕಳಿಗೆ ಅದು ಬಹಳ ಇಷ್ಟವಾಯಿತು. ಮರುದಿನದಿಂದ ಕಾರಿಡಾರಿನಲ್ಲಿ ಕಂಡವರೆಲ್ಲ ಕೈ ಮುಗಿಯತೊಡಗಿದರು. ಭಾರತೀಯ ಸಂಸ್ಕೃತಿಯನ್ನು ಚೆನ್ನಾಗಿ ಕಲಿಸುತ್ತಿದ್ದೀರಿ ಎಂದು ಪ್ರಾಂಶುಪಾಲರು ಮೆಚ್ಚಿಕೊಂಡರು. ನಾನು ಸುಮ್ಮನೆ ನಕ್ಕೆ.

ಇದು 2014ರ ಮಾತು. ಅಲ್ಲಿಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಅಮೆರಿಕ, ಬ್ರಿಟನ್, ಕೆನಡಾ ಹೀಗೆ ಏಳು ದೇಶಗಳವರನ್ನು ಮಾತ್ರ ಕರೆಸಿಕೊಳ್ಳುವುದು ರೂಢಿ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದಿಂದಾಗಿ ನಮ್ಮಂಥ ಭಾರತದ ಶಿಕ್ಷಕರಿಗೂ ಸಣ್ಣದೊಂದು ಬಾಗಿಲು ತೆರೆಯಿತು. ಹಾಗೆ ಬೆಂಗಳೂರಿನಲ್ಲಿ ಆರು ವರ್ಷ ಪಾಠ ಮಾಡಿದ್ದ ನಾನು ಚುಂಗ್‌ಚೋಂಗ್ ಪ್ರಾಂತ್ಯದ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಗೆ ಬಂದೆ. ಅಲ್ಲಿ ನನ್ನನ್ನು ಕರೆಯುತ್ತಿದ್ದುದು 'ವೊನೊಮಿನ್' ಎಂದು. ಅಂದರೆ ಆ ಭಾಷೆಯನ್ನೇ ತಾಯ್ನುಡಿಯಾಗಿ ಆಡುವವಳು! ನಮ್ಮ ಸಾಗರದ ಮನೆಯಲ್ಲಿ ನಾನು ಆಡಿದ ಇಂಗ್ಲಿಷ್ ಎಷ್ಟು ಎಂಬುದು ನನಗೆ ಗೊತ್ತು.

ಮೊದಲ ದಿನಗಳಲ್ಲಿ ಆ ಶಾಲೆಯ ಶುಚಿತ್ವ ಕಂಡು ನಾನು ದಂಗಾಗಿದ್ದೆ. ಹೊರಗಿನ ಚಪ್ಪಲಿ-ಬೂಟು ಬಾಗಿಲ ಬಳಿಯ ಗೂಡಿನಲ್ಲಿ, ಒಳಗೆ ಓಡಾಡಲು ಬೇರೆಯೇ ಪಾದರಕ್ಷೆ. ಕಸ ಗುಡಿಸುವುದು, ನೆಲ ಒರೆಸುವುದು ಮಕ್ಕಳದ್ದೇ ಕೆಲಸ. ಯಾರೂ ಗೊಣಗುವುದಿಲ್ಲ, ಯಾವ ತಾಯಿ ತಂದೆಯೂ ಬಂದು ಜಗಳ ಆಡುವುದಿಲ್ಲ. ಮಧ್ಯಾಹ್ನ ಅನ್ನ, ಸೂಪು, ಕಿಮ್ಚಿ ತಿಂದು ಸ್ಟೀಲ್ ತಟ್ಟೆ ಹಿಂದಿರುಗಿಸಿದ್ದೇ ತಡ, ಎಲ್ಲರ ಬಾಯಲ್ಲೂ ಟೂತ್‌ಬ್ರಷ್. ಮೂರು-ಮೂರು-ಮೂರು ಎಂಬುದು ಅಲ್ಲಿ ಮಕ್ಕಳಿಗೆಲ್ಲ ಬಾಯಿಪಾಠ: ದಿನಕ್ಕೆ 3 ಸಲ, ಊಟವಾದ 3 ನಿಮಿಷದೊಳಗೆ, 3 ನಿಮಿಷ ಹಲ್ಲುಜ್ಜಬೇಕು. ಆದರೆ ಉಜ್ಜುವುದು ನಲ್ಲಿಯ ಮುಂದೆ ನಿಂತಲ್ಲ. ಕಾರಿಡಾರಿನಲ್ಲಿ ಅಡ್ಡಾಡುತ್ತ, ಗೆಳತಿಯ ಹೆಗಲ ಮೇಲೆ ಕೈ ಹಾಕಿಕೊಂಡು, ಬಾಯಿತುಂಬ ನೊರೆ ತುಂಬಿಕೊಂಡು. ಅದೇ ನೊರೆಯ ಬಾಯಲ್ಲಿ 'ಹಲೋ ಟೀಚರ್'. ನನ್ನ ಕುರ್ತಾದ ಮೇಲೆ ಬಿಳಿ ಚುಕ್ಕೆಗಳು. ಹಲ್ಲು ಶುಭ್ರ, ಸುತ್ತಲಿನವರ ಪಾಡು ದೇವರಿಗೇ ಪ್ರೀತಿ.

ಕ್ರಮೇಣ ಉಳಿದದ್ದೂ ಕಣ್ಣಿಗೆ ಬೀಳತೊಡಗಿತು. ಶೌಚಾಲಯದಲ್ಲಿ ಕಬ್ಬಿಣದ ಕೊಕ್ಕೆಗೆ ಸಿಕ್ಕಿಸಿದ ಸಾಬೂನಿನ ಉಂಡೆ ತಿಂಗಳಾದರೂ ಸವೆಯುತ್ತಿರಲಿಲ್ಲ. ಬಳಸಿದ ಕಾಗದವನ್ನು ಹೊಂಡಕ್ಕೆ ಹಾಕದೆ ಪಕ್ಕದ ಬುಟ್ಟಿಗೆ ಹಾಕುವ ಪದ್ಧತಿ. (ಸಾರ್ವಜನಿಕ ಶೌಚಾಲಯಗಳಿಂದ ಈ ಬುಟ್ಟಿಗಳನ್ನು ತೆಗೆಯುವ ನಿಯಮ ಬಂದದ್ದು 2018ರಲ್ಲಿ, ನಾನು ಊರಿಗೆ ಮರಳಿದ ಮೇಲೆ.) ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಇಡುವವರು ಕಡಿಮೆ, ಇಟ್ಟವರು ಆ ಕೈಯನ್ನು ನೇರ ನನ್ನ ಮೇಜಿನ ಮೇಲೆ ಊರುವವರು. ಆರನೇ ತರಗತಿಯ ಗಂಡುಹುಡುಗರಿಗೆ ಮೈದಾನದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಪುಚಕ್ ಪುಚಕ್ ಎಂದು ಉಗಿಯುವುದು ಗಂಡಸಾಗುವ ಮೊದಲ ಪಾಠ. ಅದನ್ನು ನೋಡಿ ನನಗೆ ನಮ್ಮೂರ ಬಸ್‌ಸ್ಟ್ಯಾಂಡ್ ನೆನಪಾಗಿ ಬೇಸರವೇನೂ ಆಗಲಿಲ್ಲ.

ನನಗೆ ನಿಜಕ್ಕೂ ತಡೆಯಲಾಗದೆ ಹೋದದ್ದು ಎಂಜಲು.

'ಹನಿಮ್ಮನ್' ಎಂದರೆ 'ಒಂದೇ ಒಂದು ಕಚ್ಚು'. ಯಾರ ಕೈಯಲ್ಲಾದರೂ ಐಸ್‌ಕ್ರೀಂ ಕಂಡರೆ ಸಾಕು, ಐದಾರು ಮಂದಿ ಸುತ್ತುವರಿದು 'ಹನಿಮ್ಮನ್, ಹನಿಮ್ಮನ್' ಎನ್ನುತ್ತಾರೆ. ಅದು ಬಾಯಿಂದ ಬಾಯಿಗೆ ಹೋಗಿ ಕಡ್ಡಿಯಾಗಿ ಮರಳುತ್ತದೆ. ಒಮ್ಮೆ ಮೂರನೇ ತರಗತಿಯ ಹುಡುಗಿಯೊಬ್ಬಳು, ಮೇಲಿಂದ ಕೆಳಗೆ ಒಂದು ಸಲ ನೆಕ್ಕಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ಅಲ್ಲಿ ಹಿರಿಯರಿಗೆ ಎರಡು ಕೈಯಲ್ಲಿ ಕೊಡುವುದು ಮರ್ಯಾದೆ. ಅಷ್ಟು ಮರ್ಯಾದೆಯಿಂದ ಯಾರೂ ನನಗೆ ಎಂಜಲು ಕೊಟ್ಟಿರಲಿಲ್ಲ. ನಮ್ಮಜ್ಜಿ ಮಡಿಯ ಕಾಲದವಳು. ಲೋಟಕ್ಕೆ ತುಟಿ ತಾಗಿಸಿದರೆ ಮತ್ತೆ ತೊಳೆಸುತ್ತಿದ್ದಳು. ದೇವರು ದಿಂಡರನ್ನೆಲ್ಲ ಬಿಟ್ಟ ನನ್ನ ಮೈಯಲ್ಲಿ ಆ ಲೋಟ ಮಾತ್ರ ಹಾಗೆಯೇ ಉಳಿದುಬಿಟ್ಟಿದೆ ಎಂದು ಗೊತ್ತಾದದ್ದು ಆವತ್ತು. ಗಂಟಲು ನೋವು ಎಂದು ಸುಳ್ಳು ಹೇಳಿದೆ.

ಏನಾದರೂ ಮಾಡಬೇಕಲ್ಲ. ಕೈ ತೊಳೆಯುವಾಗ 'ಹ್ಯಾಪಿ ಬರ್ತ್‌ಡೇ' ಎರಡು ಸಲ ಹಾಡಿಸಿದೆ. ನಾಲ್ಕನೇ ದಿನಕ್ಕೆ ಹಾಡು ಮಾತ್ರ ಉಳಿದು ಕೈ ನೀರಿನಿಂದ ದೂರವಾಯಿತು. ಬೆಳಿಗ್ಗೆ ಪ್ರತಿಯೊಬ್ಬರ ಮುಂಗೈ ಮೇಲೆ ಪೆನ್ನಿನಿಂದ ಕೊಂಬಿರುವ ಕ್ರಿಮಿಯ ಚಿತ್ರ ಬರೆದು, ಸಂಜೆಯೊಳಗೆ ತೊಳೆದೂ ತೊಳೆದೂ ಅದು ಮಾಯವಾದರೆ ಸ್ಟಿಕ್ಕರ್ ಎಂದೆ. ಹತ್ತು ನಿಮಿಷದಲ್ಲಿ ಒಬ್ಬ ಖಾಲಿ ಕೈ ತೋರಿಸಿ ಸ್ಟಿಕ್ಕರ್ ಕೇಳಿದ. ಉಗುಳು ಹಚ್ಚಿ ಉಜ್ಜಿದ್ದ! ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಸಾಗರದ ಸರ್ಕಾರಿ ಶಾಲೆಯಲ್ಲಿ ಸ್ಲೇಟನ್ನು ನಾನು ಇನ್ನು ಯಾವುದರಿಂದ ಒರೆಸುತ್ತಿದ್ದೆ?

ಗೆದ್ದದ್ದು ಒಂದೇ ಒಂದು ಉಪಾಯ, ಅದೂ ಉಪಾಯವಾಗಿ ಹುಟ್ಟಿದ್ದಲ್ಲ. ಒಂದು ದಿನ ತರಗತಿಯಲ್ಲಿ ನೀರಿನ ಬಾಟಲಿ ಎತ್ತಿ, ತುಟಿಗೆ ತಾಗಿಸದೆ ಗಟಗಟ ಕುಡಿದೆ. ಕೋಣೆ ಸ್ತಬ್ಧ. ಆಮೇಲೆ ಚಪ್ಪಾಳೆ. ಯಾವುದೋ ಸರ್ಕಸ್ಸಿನ ವಿದ್ಯೆ ಎಂದುಕೊಂಡರು. ಮುಂದಿನ ಎರಡು ವಾರ ಶಾಲೆಯ ಅರ್ಧ ಮಕ್ಕಳ ಅಂಗಿಯ ಎದೆಭಾಗ ಒದ್ದೆಯಾಗಿರುತ್ತಿತ್ತು, ಕೆಲವರ ಮೂಗಿಗೂ ನೀರು ಹೋಯಿತು. ಆದರೆ ಒಂದೇ ಬಾಟಲಿ ನಾಲ್ವರ ಬಾಯಿಗೆ ಹೋಗುವುದು ಆ ಮಟ್ಟಿಗೆ ತಪ್ಪಿತು. ಅಜ್ಜಿಗೆ ಫೋನಿನಲ್ಲಿ ಹೇಳಿದೆ. "ಪರದೇಶದಲ್ಲಿ ಮಡಿ ಕಲಿಸ್ತಿದ್ದೀಯಾ?" ಎಂದು ನಕ್ಕಳು.

ಇಷ್ಟರಲ್ಲೇ ನಿಲ್ಲಿಸಿದ್ದರೆ ಇದೊಂದು ತಮಾಷೆಯ ಬರಹವಾಗುತ್ತಿತ್ತು.

ನಾಲ್ಕನೇ ತರಗತಿಯಲ್ಲಿ ಕಿಟಕಿ ಪಕ್ಕ ಒಬ್ಬ ಹುಡುಗ ಕೂರುತ್ತಿದ್ದ. ಹೆಸರು ಬೇಡ. ಇಡೀ ನಲವತ್ತು ನಿಮಿಷದ ಪಾಠದಲ್ಲಿ ಅವನ ಮೂಗು ಸೊರ್ ಸೊರ್ ಎನ್ನುತ್ತಲೇ ಇರುತ್ತಿತ್ತು. ಒರೆಸುವುದು ತೋಳಿಗೆ, ತೋಳು ಒದ್ದೆಯಾದರೆ ಮುಂಗೈಗೆ. ಟಿಶ್ಯೂ ಕೊಟ್ಟರೆ ತಲೆಬಾಗಿ ತೆಗೆದುಕೊಂಡು, ನಾಲ್ಕಾಗಿ ಮಡಿಚಿ ಜೇಬಿಗೆ ಇಡುತ್ತಿದ್ದ. ಸೀನು ಎಂದರೆ ಸೀನುತ್ತಿರಲಿಲ್ಲ. ಇದು ಹಟ ಎಂದುಕೊಂಡೆ. 2015ರ ಏಪ್ರಿಲ್‌ನಲ್ಲಿ ಒಂದು ದಿನ ಚಿತ್ರದ ಕಾರ್ಡುಗಳನ್ನು ಹರಡಿ, ನಾನು ಹೇಳಿದ ಹಣ್ಣಿನ ಮೇಲೆ ಮೊದಲು ಕೈ ಬಡಿಯುವ ಆಟ ಆಡಿಸುತ್ತಿದ್ದೆ. ಅವನು ಮುಂಗೈಯಲ್ಲಿ ಮೂಗು ಒರೆಸಿ, ಅದೇ ರಭಸದಲ್ಲಿ ದ್ರಾಕ್ಷಿಯ ಮೇಲೆ ಹೊಡೆದ. ಕಾರ್ಡು ಅವನ ಕೈಗಂಟಿಕೊಂಡು ಮೇಲೆದ್ದಿತು. ನನ್ನ ಬಾಯಿಂದ ತಟ್ಟನೆ ಹೊರಬಿತ್ತು: "ತೊರೊವೊ!"

ಅಂದರೆ ಗಲೀಜು, ಕೊಳಕು. ಮಕ್ಕಳಿಂದಲೇ ಕಲಿತ ಶಬ್ದ. ಪುಸ್ತಕದಿಂದ ಭಾಷೆ ಕಲಿಯದಿದ್ದರೆ ಆಗುವ ಅನಾಹುತ ಇದೇ. ಶಬ್ದದ ಅರ್ಥ ಗೊತ್ತಿರುತ್ತದೆ, ತೂಕ ಗೊತ್ತಿರುವುದಿಲ್ಲ. ವರ್ಷವಿಡೀ ಇಂಗ್ಲಿಷಿನಲ್ಲೇ ಮಾತಾಡುವ ಟೀಚರ್ ಬಾಯಲ್ಲಿ ಕೊರಿಯನ್ ಬಂದದ್ದೇ ಒಂದು ಘಟನೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ 'ಕೊತ್ತಕ್ಚಿ' ಎಂದರು, ಮೂಗಿನ ಹಕ್ಕಳೆ. ಹುಡುಗನೂ ಎಲ್ಲರೊಂದಿಗೆ ನಕ್ಕ. ಆ ನಗು ನೋಡಿ ಪರವಾಗಿಲ್ಲ ಎಂದುಕೊಂಡ ನನಗೆ, ಟೀಚರ್ ಆಗಿ ಏಳು ವರ್ಷವಾಗಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮುಂದಿನ ವಾರ ಅವನ ಪಕ್ಕದ ಹುಡುಗಿಯ ಮೇಜು ಒಂದು ಗೇಣು ಸರಿದಿತ್ತು. ಅದರ ಮುಂದಿನ ವಾರ ಎರಡು ಗೇಣು. ಗುಂಪು ಮಾಡಿ ಎಂದರೆ ಅವನು ಒಬ್ಬನೇ ಉಳಿಯುತ್ತಿದ್ದ. ಸಹಶಿಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ 'ವಾಂಗ್ತಾ' ಎಂಬ ಶಬ್ದ ಹೇಳಿದರು. ಗುಂಪಿನಿಂದ ಹೊರಹಾಕಲ್ಪಟ್ಟವನು. ಆ ದೇಶದಲ್ಲಿ ಶಿಕ್ಷಕರು ತುಂಬ ಹೆದರುವ ಶಬ್ದ. ಜೊತೆಗೆ ಇನ್ನೊಂದನ್ನೂ ಹೇಳಿದರು: ಅವನಿಗೆ ಬಿಯೊಮ್ ಇದೆ, ಅಲರ್ಜಿಯ ನೆಗಡಿ. ವಸಂತದಲ್ಲಿ ಗೋಬಿ ಮರುಭೂಮಿಯ ಕಡೆಯಿಂದ ಹ್ವಾಂಗ್ಸಾ ಎಂಬ ಹಳದಿ ದೂಳು ಬರುತ್ತದಲ್ಲ, ಆಗಂತೂ ಮೂಗು ನಿಲ್ಲುವುದೇ ಇಲ್ಲ. ಮತ್ತೆ, ನಾಲ್ಕು ಜನರ ಎದುರು ಸದ್ದು ಮಾಡಿ ಮೂಗು ಸೀನುವುದು ಇಲ್ಲಿ ಅಸಭ್ಯ, ಅದರಲ್ಲೂ ಹಿರಿಯರ ಮುಂದೆ. ಅವನನ್ನು ಬೆಳೆಸುತ್ತಿರುವುದು ಅಜ್ಜಿ. ಚೆನ್ನಾಗಿಯೇ ಹೇಳಿಕೊಟ್ಟಿದ್ದಾರೆ.

ಅಂದರೆ ಆ ಹುಡುಗ ನನ್ನೆದುರು ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದ.

ನಾನು ಕ್ಷಮೆ ಕೇಳಿದೆ. ಹೇಗೆ ಕೇಳಿದೆ ಎಂದರೆ, ಸಹಶಿಕ್ಷಕಿಯಿಂದ ವಾಕ್ಯ ಬರೆಸಿಕೊಂಡು, ಕನ್ನಡ ಲಿಪಿಯಲ್ಲಿ ಕಾಗದದ ಮೇಲೆ ಬರೆದುಕೊಂಡು, ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿ ಓದಿದೆ. ಅವನು ಗಾಬರಿಯಿಂದ ಸೊಂಟ ಬಾಗಿಸಿ ನಮಸ್ಕರಿಸಿ ಓಡಿಹೋದ. ತರಗತಿಯ ಎದುರೂ ಹೇಳಿದೆ: ಅದು ಕಾಯಿಲೆ, ಅಂಟುವುದಿಲ್ಲ, ತಪ್ಪು ನನ್ನದು. ಮಕ್ಕಳು ತಲೆಯಾಡಿಸಿದರು. ಮೇಜು ಒಂದು ಗೇಣು ಹತ್ತಿರ ಬಂತು, ಎರಡಲ್ಲ. ಅಡ್ಡಹೆಸರು ಹೋಗಲಿಲ್ಲ.

ಅಷ್ಟರಲ್ಲಿ ಮರ್ಸ್ ಬಂತು. ಮೇ 20ರಂದು ಮೊದಲ ರೋಗಿ ಖಚಿತವಾದ. ಹೆಚ್ಚು ಜನರಿಗೆ ಮೊದಲು ಹರಡಿದ್ದು ಪ್ಯೊಂಗ್‌ಟೇಕ್ ಎಂಬ ಊರಿನಲ್ಲಿ. ನಮ್ಮಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಜೂನ್ ಮೊದಲ ಎರಡು ವಾರಗಳಲ್ಲಿ ದೇಶದಲ್ಲಿ 2,000ಕ್ಕೂ ಹೆಚ್ಚು ಶಾಲೆಗಳು ಮುಚ್ಚಿದವು. ಒಟ್ಟು 186 ಜನರಿಗೆ ಸೋಂಕು ತಗುಲಿ 38 ಮಂದಿ ತೀರಿಕೊಂಡರು. ಮತ್ತೆ ಶಾಲೆ ತೆರೆದಾಗ ಗೇಟಿನಲ್ಲಿ ಜ್ವರ ನೋಡುವ ಯಂತ್ರ, ಪ್ರತಿ ಬಾಗಿಲಲ್ಲಿ ಸ್ಯಾನಿಟೈಸರ್, ಗೋಡೆಗಳ ಮೇಲೆ ತೋಳಿಗೆ ಕೆಮ್ಮುವ ಮಗುವಿನ ಚಿತ್ರ. ಹತ್ತು ತಿಂಗಳು ನಾನು ಹಾಡಿ ಕುಣಿದು ಮಾಡಲಾಗದ್ದನ್ನು ಭಯ ಹತ್ತು ದಿನದಲ್ಲಿ ಮಾಡಿ ಮುಗಿಸಿತ್ತು. ಸಾಬೂನಿನ ಉಂಡೆ ಮೊದಲ ಬಾರಿಗೆ ಸವೆಯಿತು.

ಒಂಟೆಗಳಿಂದ ದೂರವಿರಿ, ಒಂಟೆಯ ಹಾಲು ಕುಡಿಯಬೇಡಿ ಎಂದು ಆರೋಗ್ಯ ಇಲಾಖೆ ಸೂಚನೆ ಹೊರಡಿಸಿ, ಕೊರಿಯಾದಲ್ಲಿ ಒಂಟೆ ಎಲ್ಲಿದೆಯಪ್ಪ ಎಂದು ಜನ ನಕ್ಕದ್ದೂ ನಕ್ಕದ್ದೇ. ನಮ್ಮ ಮಕ್ಕಳು ನಗಲಿಲ್ಲ. ಅವರಿಗೆ ಮಧ್ಯಪ್ರಾಚ್ಯವೂ ಇಂಡಿಯಾವೂ ಹೆಚ್ಚುಕಡಿಮೆ ಒಂದೇ ಕಡೆ. ಐದನೇ ತರಗತಿಯವನೊಬ್ಬ ಗಂಭೀರವಾಗಿ ಕೇಳಿದ, "ಟೀಚರ್, ನಿಮ್ಮ ಮನೆಯಲ್ಲಿ ಒಂಟೆ ಇದೆಯಾ?" ನಮ್ಮದು ಮಲೆನಾಡು, ಒಂಟೆ ನೋಡಿದ್ದು ಮೈಸೂರಿನ ಮೃಗಾಲಯದಲ್ಲಿ ಎಂದೆ. ಅನುವಾದದಲ್ಲಿ ಬರೀ 'ನೋಡಿದ್ದಾರೆ' ಎಂಬುದಷ್ಟೇ ಉಳಿಯಿತೋ ಏನೋ. ಮಧ್ಯಾಹ್ನ ಊಟದ ಹಾಲಿನಲ್ಲಿ ನಾನು ಕೂತ ಉದ್ದನೆಯ ಮೇಜಿನಲ್ಲಿ ನನ್ನ ಎರಡೂ ಬದಿಯ ಕುರ್ಚಿಗಳು ಖಾಲಿ ಇದ್ದವು. 'ಇಂಡಿಯಾದವರು ಕೈಯಲ್ಲೇ ತಿನ್ನುತ್ತಾರಂತೆ' ಎಂದು ಯಾರೋ ಹೇಳಿದ್ದು ಕೇಳಿಸಿತು. ಆಮೇಲೆ ಆ ಶಬ್ದ. ಈಗ ನನಗೆ ಅದರ ತೂಕ ಗೊತ್ತಿತ್ತು. ನಾನು ಅವತ್ತು ಚಾಪ್‌ಸ್ಟಿಕ್‌ನಲ್ಲಿ ಬಹಳ ಜಾಗರೂಕತೆಯಿಂದ ತಿಂದೆ. ಒಂದು ಅಗುಳು ಬೀಳದಂತೆ.

ಇದು ಎರಡು ವಾರ ನಡೆಯಿತು, ಆಮೇಲೆ ಮಕ್ಕಳು ಮರೆತರು. ಮಕ್ಕಳು ಮರೆಯುತ್ತಾರೆ. ಕಿಟಕಿ ಪಕ್ಕದ ಹುಡುಗನ ವಿಷಯದಲ್ಲಿ ಮಾತ್ರ ಯಾಕೋ ಮರೆಯಲಿಲ್ಲ.

ನವೆಂಬರ್ ಕೊನೆಗೆ ಕಿಮ್‌ಜಾಂಗ್. ಚಳಿಗಾಲಕ್ಕೆಂದು ಊರೆಲ್ಲ ಸೇರಿ ರಾಶಿ ರಾಶಿ ಎಲೆಕೋಸಿಗೆ ಖಾರ ಸವರಿ ಕಿಮ್ಚಿ ಹಾಕುವ ಹಬ್ಬ. ಸಹಶಿಕ್ಷಕಿ ನನ್ನನ್ನು ಊರಿನ ಸಮುದಾಯ ಭವನಕ್ಕೆ ಕರೆದೊಯ್ದಿದ್ದರು. ಹತ್ತಿಪ್ಪತ್ತು ಅಜ್ಜಿಯರು ಕುಕ್ಕರುಗಾಲಲ್ಲಿ ಕೂತು, ಕೆಂಪು ರಬ್ಬರ್ ಕೈಗವಸು ತೊಟ್ಟು ಖಾರ ಬಳಿಯುತ್ತಿದ್ದರು. ನಮ್ಮ ಕಡೆ ಹಪ್ಪಳ ಸಂಡಿಗೆ ಹಾಕುವಾಗಿನ ಅದೇ ಗದ್ದಲ, ಅದೇ ಊರಿನ ಸುದ್ದಿ. ಮೂಲೆಯಲ್ಲಿ ಆ ಹುಡುಗ ಮೂಲಂಗಿ ಹೊರುತ್ತಿದ್ದ. ನನ್ನನ್ನು ಕಂಡು ತನ್ನ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದ. ಏನು ಹೇಳಿದ್ದಾನು ಎಂದು ನನ್ನ ಎದೆ ಹೊಡೆದುಕೊಂಡಿತು.

ಅಜ್ಜಿ ಎದ್ದು ಬಂದರು. ಬಲಗೈಯ ಕೈಗವಸು ಕಳಚಿದರು. ಬರಿಗೈಯಲ್ಲಿ ಒಂದು ಎಳೆಯ ಎಲೆ ಹರಿದು, ಖಾರದ ಜೊತೆ ಸುರುಳಿ ಸುತ್ತಿ, 'ಆ' ಎನ್ನುವಂತೆ ತಮ್ಮ ಬಾಯಿ ತೆರೆದು ತೋರಿಸಿ, ನನ್ನ ತುಟಿಯ ಹತ್ತಿರ ಹಿಡಿದರು. ಬೆರಳುಗಳ ಗೆರೆಗಳಲ್ಲೆಲ್ಲ ಕೆಂಪು. ಉಗುರಿನ ಸಂದಿಯಲ್ಲೂ. ಸುತ್ತ ಎಲ್ಲರೂ ನೋಡುತ್ತಿದ್ದರು.

ಬಾಯಿ ತೆರೆದೆ. ಅವರ ಬೆರಳು ನನ್ನ ನಾಲಿಗೆಗೆ ತಾಗಿತು.

ನಮ್ಮ ಬ್ಯಾಡಗಿಯ ಸೌಮ್ಯಕ್ಕೆ ಒಗ್ಗಿದವಳಿಗೆ ಆ ಖಾರ ನೇರ ನೆತ್ತಿಗೇರಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಜೇಬಿನಲ್ಲಿ ಟಿಶ್ಯೂ ಇತ್ತು; ತೆಗೆದು ಸೀನಲು ಹೊರಟವಳು ಸುತ್ತ ಕೂತ ಹಿರಿಯರನ್ನು ನೋಡಿ ಅದನ್ನು ನಾಲ್ಕಾಗಿ ಮಡಿಚಿ ಮತ್ತೆ ಜೇಬಿಗಿಟ್ಟೆ. ಸೊರ್ ಎಂದು ಮೂಗನ್ನು ಒಳಕ್ಕೆ ಎಳೆದುಕೊಂಡೆ. ಇನ್ನೊಮ್ಮೆ ಎಳೆದೆ. ಮೂಲಂಗಿಯ ಬುಟ್ಟಿ ಹಿಡಿದುಕೊಂಡೇ ನಿಂತಿದ್ದ ಹುಡುಗ ನನ್ನನ್ನು ನೋಡಿ, ತಾನೂ ಒಮ್ಮೆ ಸೊರ್ ಎಂದು, ಗಟ್ಟಿಯಾಗಿ ನಕ್ಕುಬಿಟ್ಟ.